ಬ್ರೇಕಿನೊಳಗಿನ ಗಾಳಿ

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೊರಟಿದ್ದೆ. ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿದ್ದಾಗ ನನ್ನ ಅಂಬಾಸಡರಿನ ಬ್ರೇಕು ಮೂರನೆಯ ತುಳಿತಕ್ಕೆ ಹಿಡಿಯಿತು. “ಹಳೇ ಗಾಡಿ ಅಂದ್ರೆ ಹಾಗೇ ಮೇಷ್ಟ್ರೇ, ಪಂಪ್ ಮಾಡ್ಕೊಂಡು ಓಡಿಸಿ” ಎಂದರು ಮೆಕ್ಯಾನಿಕರು.

ಈ ಮಾತನ್ನು ಖಂಡಿಸುತ್ತೇನೆ. ತಪ್ಪು ಗಾಡಿಯ ವಯಸ್ಸಿನದಲ್ಲ, ನಮ್ಮ ಸೋಮಾರಿತನದ್ದು. ಶಿಷ್ಯರೇ, ಪಾಸ್ಕಲನ ನಿಯಮ ನೆನಪಿದೆಯೆ? ದ್ರವವು ಕುಗ್ಗದೆ ಒತ್ತಡವನ್ನು ಚಕ್ರಕ್ಕೆ ಒಯ್ಯುತ್ತದೆ. ನಡುವೆ ಗಾಳಿಯಿದ್ದರೆ ಕಾಲಿನ ಬಲ ಅದನ್ನು ಅದುಮುವುದರಲ್ಲೇ ವ್ಯಯವಾಗುತ್ತದೆ. ಪೆಡಲು ಸ್ಪಂಜಿನಂತಿದ್ದರೆ ಗಾಳಿ. ಒತ್ತಿ ಹಿಡಿದರೂ ಇಳಿಯುತ್ತ ಹೋದರೆ ಸೋರಿಕೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಇದನ್ನೂ ನೋಡದೆ ಬ್ರೇಕ್ ಆಯಿಲ್ ತುಂಬಿ ಕಳುಹಿಸುವುದು ರಿಪೇರಿಯೆ?

ಮನೆಯಲ್ಲಿ ಮಗನಿಗೆ ಪೆಡಲು ಒತ್ತಲು ಹೇಳಿ, ದೂರದ ಹಿಂಚಕ್ರದಿಂದ ಆರಂಭಿಸಿ ನಿಪ್ಪಲ್ ಸಡಿಲಿಸಿದೆ. ಅವನು ಕಾಲೆತ್ತುವ ಮೊದಲೇ ಬಿಗಿದೆ. ಗುಳ್ಳೆ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ಈಗ ಮೊದಲ ತುಳಿತಕ್ಕೇ ನಿಲ್ಲುತ್ತದೆ.