ಶಿಬಿರ ಮುಗಿಯಿತು, ಚೀಟಿ ಎಲ್ಲಿ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ, ಎಲ್ಲಿ ನಾಲ್ಕು ಕನ್ನಡ ಮನೆಗಳಿವೆಯೋ ಅಲ್ಲೆಲ್ಲ ಈಗ ಆರೋಗ್ಯ ಶಿಬಿರದ ಹುಮ್ಮಸ್ಸು. ಬ್ಯಾನರು ಕಟ್ಟುತ್ತೇವೆ, ದೀಪ ಬೆಳಗುತ್ತೇವೆ, ಡಾಕ್ಟರರಿಗೆ ಶಾಲು ಹೊದಿಸುತ್ತೇವೆ, ಉಪ್ಪಿಟ್ಟು-ಶಿರಾ ತಿಂದು ಮನೆಗೆ ಹೋಗುತ್ತೇವೆ. (ಸಕ್ಕರೆ ಕಾಯಿಲೆಯವರಿಗೂ ಶಿರಾ ಬಡಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ.) ಮರು ತಿಂಗಳು ‘ಶಿಬಿರವು ಯಶಸ್ವಿಯಾಗಿ ಜರುಗಿತು’ ಎಂದು ವರದಿ ಅಚ್ಚಾಗುತ್ತದೆ. ಎಷ್ಟು ಮಂದಿ ಬಂದರೆಂದು ಲೆಕ್ಕವಿಟ್ಟಿದ್ದೇವೆ. ಬಂದವರು ಮುಂದೆ ಏನಾದರೆಂದು ಯಾರಾದರೂ ವಿಚಾರಿಸಿದ್ದುಂಟೆ?

ಸಮಿತಿಯ ಮಿತ್ರರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಹೋಟೆಲಿನ ಒಲೆಯ ಮುಂದೆ ಮೂವತ್ತು ವರ್ಷ ದುಡಿದ ನಮ್ಮವರೊಬ್ಬರು ಇಂಥದೇ ಶಿಬಿರದಲ್ಲಿ ರಕ್ತ ಕೊಟ್ಟಿದ್ದರು. ಕ್ರಿಯಾಟಿನಿನ್ ಹೆಚ್ಚಿದೆಯೆಂಬ ಚೀಟಿ ಇಂಗ್ಲಿಷಿನಲ್ಲಿ ಕೈಸೇರಿತು. ಓದಿ ಹೇಳುವವರಿಲ್ಲದೆ ಎರಡು ವರ್ಷ ದೇವರ ಪಟದ ಹಿಂದೆ ಉಳಿಯಿತು. ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆ ಸೇರಿದ ವಾರದಲ್ಲೇ ಡಯಾಲಿಸಿಸ್ ಸುರುವಾಯಿತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಯಾವ ಹೋಟೆಲಿನ ಧಣಿ ಅಂಥವರನ್ನು ಕೆಲಸದಲ್ಲಿಟ್ಟುಕೊಂಡಾನು? ಆ ಶಿಬಿರ ನಡೆಸಿದವರು ನಾವೇ.

ಕಿಡ್ನಿಯ ಸ್ವಭಾವವೇ ಹಾಗೆ. ಬಹುಪಾಲು ಕೆಡುವ ತನಕ ನೋವಿಲ್ಲ, ಸೂಚನೆಯಿಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಅದರ ಎರಡು ದೊಡ್ಡ ಶತ್ರುಗಳು. ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವ ಗುಳಿಗೆಗಳೂ ಕಡಿಮೆಯವಲ್ಲ. ನಮ್ಮ ಶಿಬಿರಗಳಲ್ಲಿ ಸಕ್ಕರೆ, ಬಿ.ಪಿ. ನೋಡಿ ಕಳಿಸುತ್ತಾರೆ. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದು ನೋಡುವುದೇ ಇಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಕೇಡು ಮೊದಲು ಕಾಣುವುದು ಬಹಳ ಸಲ ಅಲ್ಲಿಯೇ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಯ ಅರ್ಧ ಶಕ್ತಿ ಹೋಗಿರಬಹುದು. ಒಂದು ಸಲದ ಪರೀಕ್ಷೆಯೂ ಸಾಲದು. ದೋಷ ಮೂರು ತಿಂಗಳು ದಾಟಿಯೂ ಉಳಿದರಷ್ಟೇ ಅದನ್ನು ದೀರ್ಘಕಾಲದ ರೋಗವೆನ್ನುತ್ತಾರೆ. ದೇಶದ ಹಲವು ಕಡೆ ಶಿಬಿರಗಳಿಗೆ ಬಂದ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ನೂರಕ್ಕೆ 17 ಮಂದಿಗೆ ಈ ರೋಗದ ಲಕ್ಷಣ ಕಂಡಿತೆಂದು 2013ರಲ್ಲಿ ಪ್ರಕಟವಾದ ‘ಸೀಕ್’ ಅಧ್ಯಯನ ಹೇಳಿತು. ಅದೂ ಒಂದೇ ಸಲದ ಪರೀಕ್ಷೆ. ಮೂರು ತಿಂಗಳ ಮೇಲೆ ಮತ್ತೆ ಕರೆಯದ ಶಿಬಿರ ಕೆಲವರನ್ನು ಸುಮ್ಮನೆ ಹೆದರಿಸುತ್ತದೆ, ಉಳಿದವರನ್ನು ಕೈಬಿಡುತ್ತದೆ.

ಅಷ್ಟಕ್ಕೆಲ್ಲ ಹಣವೆಲ್ಲಿದೆ ಎನ್ನುವಿರಾ? ನಮ್ಮ ಮುಂಬಯಿಯ ಜಸಲೋಕ್ ಆಸ್ಪತ್ರೆಯಲ್ಲಿ ದುಡಿದು ಚೆನ್ನೈಗೆ ಹೋದ ಡಾ. ಎಂ. ಕೆ. ಮಣಿಯವರು 1990ರ ದಶಕದಲ್ಲಿ ಅಲ್ಲಿನ ಕಿಡ್ನಿ ಹೆಲ್ಪ್ ಟ್ರಸ್ಟ್ ಮೂಲಕ ಹಳ್ಳಿಗಳಲ್ಲಿ ಮಾಡಿದ್ದನ್ನು ನೋಡಿ. ಶಾಮಿಯಾನ ಹಾಕಲಿಲ್ಲ. ಆಯಾ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ನಾಲ್ಕು ಪ್ರಶ್ನೆ, ಬಿ.ಪಿ., ಮೂತ್ರಕ್ಕೆ ಎರಡು ಅಗ್ಗದ ರಾಸಾಯನಿಕ ಪರೀಕ್ಷೆ. ದೋಷ ಕಂಡವರಿಗೆ ಹಳೆಯ ಅಗ್ಗದ ಔಷಧಿಗಳನ್ನೇ ಕೊಟ್ಟು, ಬಿಡದೆ ಹಿಂಬಾಲಿಸಿದರು. ತಲೆಗೆ ವರ್ಷಕ್ಕೆ ತಗಲಿದ ಖರ್ಚು ಅರ್ಧ ಡಾಲರಿಗೂ ಕಡಿಮೆ. ನಮ್ಮ ಒಂದು ಶಿಬಿರದ ಶಾಲು-ಹಾರಗಳ ಬಿಲ್ಲನ್ನು ಖಜಾಂಚಿಯವರು ಇದರ ಪಕ್ಕದಲ್ಲಿಟ್ಟು ನೋಡಲಿ.

ಮನೆಮನೆಗೆ ಹೋಗಲು ಜನ ಸಿಗುವುದಿಲ್ಲವೆಂಬ ಮಾತನ್ನಂತೂ ನಾವು ಒಪ್ಪೆವು. ಯಕ್ಷಗಾನದ ಟಿಕೇಟು ಹಿಡಿದು ಡೊಂಬಿವಲಿಯ ಲಿಫ್ಟಿಲ್ಲದ ನಾಲ್ಕು ಮಾಳಿಗೆಗಳನ್ನು ಹತ್ತಿ ಇಳಿಯುವ ನಮ್ಮ ಯುವಕ-ಯುವತಿಯರಿಗೆ ಮೂತ್ರದ ಬಾಟಲಿ ಹಿಡಿದಾಗ ಮಾತ್ರ ಕಾಲು ನೋಯುವುದೇ? ಎಲ್ಲರನ್ನೂ ಪರೀಕ್ಷಿಸಬೇಕೆಂದೂ ಇಲ್ಲ. ಸಕ್ಕರೆ ಕಾಯಿಲೆಯವರು, ಬಿ.ಪಿ. ಇದ್ದವರು, ಅರವತ್ತು ದಾಟಿದವರು, ಮನೆತನದಲ್ಲಿ ಕಿಡ್ನಿ ರೋಗ ಕಂಡವರು ಸಾಕು. ಚೀಟಿ ಕನ್ನಡದಲ್ಲಿರಲಿ. ಮೂರು ತಿಂಗಳ ಮೇಲೆ ಫೋನು ಹೋಗಲಿ. ದೋಷ ಕಂಡವರನ್ನು ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗೋ ಡೊಂಬಿವಲಿಯ ಶಾಸ್ತ್ರಿನಗರಕ್ಕೋ ಒಬ್ಬರು ಜೊತೆಗೂಡಿ ಕರೆದೊಯ್ಯಲಿ. ಮೊದಲೇ ಗೊತ್ತಾದರೆ ತಡೆಹಿಡಿಯುವ ಔಷಧಿಗಳಿವೆ. ಡಾಪಾಗ್ಲಿಫ್ಲೋಜಿನ್ ಕೂಡ ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿದೆ.

ಇನ್ನೊಂದು ಸಂಗತಿ. 2016ರ ಕೇಂದ್ರ ಯೋಜನೆಯಲ್ಲಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ, ಮಹಾರಾಷ್ಟ್ರದ ಫುಲೆ ಯೋಜನೆಯಲ್ಲೂ ಇದೆ. ಆದರೆ ನಮ್ಮವರ ರೇಷನ್ ಕಾರ್ಡು ಇನ್ನೂ ಊರಿನಲ್ಲಿ, ಅಣ್ಣನ ಮನೆಯ ಪೆಟ್ಟಿಗೆಯಲ್ಲಿ. ಕಾಗದಪತ್ರ ಸರಿಪಡಿಸಿಕೊಡುವ ಕೆಲಸವೂ ಸಂಘದ್ದೇ.

ಕಳೆದ ಶಿಬಿರಕ್ಕೆ ಬಂದವರ ಹೆಸರಿನ ವಹಿ ಸಂಘದ ಕಪಾಟಿನಲ್ಲಿದೆ, ಬೀಗದ ಕೈ ಕಾರ್ಯದರ್ಶಿಗಳ ಬಳಿ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ನಾಲ್ವರು ಬರುತ್ತೇವೆ. ಮೊದಲ ಪುಟದಿಂದಲೇ ಫೋನು ಮಾಡಲು ಸುರುಮಾಡುತ್ತೇವೆ.