ಅಮಾನತಿನ ನೀರು

ಅಮಾನತು ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಕೆಲಸ ಕಳಕೊಂಡು ಮನೇಲಿ ಕೂತ ಗುಮಾಸ್ತ. ಆದರೆ ಹಳೇ ವ್ಯಾಪಾರಸ್ಥರನ್ನು ಕೇಳಿ, ಮೂಲ ಅರ್ಥ ಹೇಳ್ತಾರೆ: ನಂಬಿ ಇಟ್ಟುಹೋದ ಸ್ವತ್ತು, ಕೇಳಿದಾಗ ಇದ್ದ ಹಾಗೇ ವಾಪಸು ಕೊಡಬೇಕು. ನೆಲ, ನೀರು, ಮರ ಎಲ್ಲವೂ ದೇವರು ಮನುಷ್ಯನ ಕೈಲಿಟ್ಟ ಅಮಾನತು ಅನ್ನುವುದು ಇಸ್ಲಾಂ ಧರ್ಮದ ಮಾತು.

ಮಲೇಶಿಯಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾಲಯ ಈ ಮಾತನ್ನು ತನ್ನ ಧ್ಯೇಯದಲ್ಲೇ ಸೇರಿಸಿಕೊಂಡಿದೆ. ಮನುಷ್ಯ ಭೂಮಿಯ ಯಜಮಾನನಲ್ಲ, ಉಸ್ತುವಾರಿ ನೋಡುವವನು ಎಂಬುದೂ ಅದರಲ್ಲುಂಟು. ಸಂತೋಷ. ಆದರೆ ಕೌಲಾಲಂಪುರದ ಹತ್ತಿರ, ಗೊಂಬಾಕ್‌ನ ಅವರ ಕ್ಯಾಂಪಸ್ಸಿನೊಳಗೇ ಪುಸು ಅಂತ ಒಂದು ಹೊಳೆ ಹರಿಯುತ್ತೆ. ಮೇಲ್ಗಡೆ ನೆಲ ಅಗೆದು, ಮರಳು ತೊಳೆದು ಬಿಟ್ಟ ಕೆಸರು ಸೇರಿ ಆ ಹೊಳೆ ಕದಡಿ ಹೋಗಿತ್ತು. ಅಧ್ಯಾಪಕರು, ವಿದ್ಯಾರ್ಥಿಗಳು ನೀರು ಪರೀಕ್ಷೆ ಮಾಡಿದರು, ಕೆಸರಿನ ಲೆಕ್ಕ ಹಿಡಿದರು. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ಗೇಟಿನೊಳಗೆ ಎಷ್ಟು ಗುಡಿಸಿದರೇನು, ಕೊಳೆ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದಿದ್ದರೆ?

ಇನ್ನು ಗೇಟಿನೊಳಗಿನ ನಳದ ವಿಚಾರ. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವ ವಜೂ ಇದೆಯಲ್ಲ, ಅದಕ್ಕೆ ಪೈಗಂಬರರು ಬಳಸುತ್ತಿದ್ದದ್ದು ಒಂದು ಬೊಗಸೆ ಅಳತೆಯ ನೀರು, ಲೀಟರಿಗೂ ಕಡಿಮೆ. ಹರಿಯುವ ಹೊಳೆ ದಡದಲ್ಲಿದ್ದರೂ ದಂಡ ಮಾಡಬೇಡ ಅಂತ ಸಂಗಡಿಗನಿಗೆ ಬುದ್ಧಿ ಹೇಳಿದ್ದಾಗಿ ಹದೀಸಿನಲ್ಲಿದೆ. ಇವತ್ತು? ನಳ ಧಾರಾಳ ಬಿಟ್ಟರೆ ನಿಮಿಷಕ್ಕೆ 5 ಲೀಟರ್ ಸಲೀಸಾಗಿ ಹೋಗುತ್ತೆ. ಎರಡು ನಿಮಿಷಕ್ಕೆ 10. ಸಾವಿರ ಹುಡುಗರಿಗೆ, ಒಂದೇ ಹೊತ್ತಿನ ನಮಾಜಿಗೆ, 10,000 ಲೀಟರ್. ಅಂದರೆ 5,000 ಲೀಟರಿನ ಎರಡು ಟ್ಯಾಂಕರ್ ಸ್ವಾಮೀ!

ಅದೂ ಸೋಪು ಸೇರದ ನೀರು. ಮರಳಲ್ಲಿ ಸೋಸಿ ಗಿಡಕ್ಕೆ, ಕಕ್ಕಸಿಗೆ ಬಿಡಲು ಏನಡ್ಡಿ? ಧರ್ಮದ ಅಡ್ಡಿ ಅನ್ನುವವರು ಇಂಡೋನೇಶಿಯಾ ಕಡೆ ನೋಡಲಿ. ಅಲ್ಲಿನ ಉಲೇಮಾ ಮಂಡಳಿ 2010ರಲ್ಲೇ ಫತ್ವಾ ಕೊಟ್ಟಿದೆ: ಸರಿಯಾಗಿ ಶುದ್ಧಿ ಮಾಡಿದ ಬಳಕೆ ನೀರು ವಜೂಗೂ ಆಗುತ್ತೆ ಅಂತ. ಗಿಡಕ್ಕೆ ಆಗಲ್ವೆ?

ನಮ್ಮೂರಲ್ಲೂ ಮಸೀದಿಗಳಿವೆ, ಕಾಲೇಜು ಹಾಸ್ಟೆಲುಗಳಿವೆ, ಬೇಸಿಗೆ ಬಂದರೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಹೆಂಗಸರಿದ್ದಾರೆ. ಪರಿಸರದ ಬಗ್ಗೆ ಭಾಷಣ ಸ್ಪರ್ಧೆ ಇಟ್ಟು ಲೋಟ ಹಂಚುವ ಬದಲು, ಹುಡುಗರ ಕೈಗೆ ಒಂದು ಬಕೆಟ್, ಒಂದು ವಾಚು ಕೊಡಿ. ಒಂದು ಶುಕ್ರವಾರ ನಳದ ಹತ್ತಿರ ನಿಂತು ಅಳೆಯಲಿ. ಲೆಕ್ಕ ನೋಟಿಸ್ ಬೋರ್ಡಿಗೆ ಹಚ್ಚಲಿ. ಮಸೀದಿ ಕಮಿಟಿಯ ಹಿರಿಯರು ಓದಲಿ, ಹಾಸ್ಟೆಲ್ ವಾರ್ಡನ್ನೂ ಓದಲಿ. ಸ್ನಾನದ ಮನೆ ನಳಕ್ಕೆ ಜಾತಿ ಇಲ್ಲ, ಅಲ್ಲೂ ಅಳೆಯಲಿ.

ಬೇಕಾದದ್ದು ನಾಕು ಪೈಪು, ಒಂದು ತೊಟ್ಟಿ, ಒಂದು ಗಾಡಿ ಮರಳು. ಬಸ್ ಸ್ಟ್ಯಾಂಡ್ ರಸ್ತೆಯ ಹಾರ್ಡ್‌ವೇರ್ ಸಾಹುಕಾರರೇ, ಪೈಪು ಅಸಲು ರೇಟಿಗೆ ಕೊಡ್ತೀರಾ?