ವ್ರತಕ್ಕೆ ಇರುವ ಮರ್ಯಾದೆ ವೈದ್ಯರ ಮಾತಿಗೆ ಯಾಕಿಲ್ಲ?

ಕಳೆದ ಶ್ರಾವಣದಲ್ಲಿ ಪುಣೆಯಲ್ಲೇ ಇರುವ ನಮ್ಮ ಸಂಬಂಧಿಕರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಕು, ಮೊಸರು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನನಗ ಬ್ಯಾಡಪಾ, ದಧಿವ್ರತ ಅದ" ಅಂದರು. ಬಡಿಸುತ್ತಿದ್ದ ಹುಡುಗ "ಹೌದ್ರಿ, ಮರತೆ" ಎಂದು ಮುಂದೆ ಹೋದ. ಅಷ್ಟೇ ಅಲ್ಲ, ಒಳಗಿಂದ ಯಾರೋ ಅವರಿಗೆಂದೇ ಒಂದು ಬಟ್ಟಲು ಹಾಲು ತಂದಿಟ್ಟರು. ಯಾರೂ ಯಾಕೆ ಅಂತ ಕೇಳಲಿಲ್ಲ.

ಅದಕ್ಕೆ ಹತ್ತು ನಿಮಿಷ ಮೊದಲು ನಾನೂ ಹಾಗೇ ಕೈ ಅಡ್ಡ ಹಿಡಿದಿದ್ದೆ. "ಹೋಳಿಗಿ ಬ್ಯಾಡ." ಮುಗಿಯಿತು ನನ್ನ ಕಥೆ. "ಒಂದ ತಿಂದ್ರ ಏನಾಗ್ತದ ವೈನಿ?" "ಎಷ್ಟು ಸೊರಗೀರಿ ನೋಡ್ರಿ, ಕನ್ನಡಿ ನೋಡ್ಕೊಂಡೀರೇನು?" "ಬೆಲ್ಲದ್ದರೀ, ಸಕ್ಕರಿದಲ್ಲ." ಕೊನೆಗೆ ಬ್ರಹ್ಮಾಸ್ತ್ರ: "ಪೂಜಾದ ಊಟಕ್ಕ ಒಲ್ಲೆ ಅನಬಾರದು." ನಾಲ್ಕು ಜನ, ನಾಲ್ಕು ಕಡೆಯಿಂದ. ಅಡ್ಡ ಇಟ್ಟ ಕೈಯನ್ನು ಪಕ್ಕಕ್ಕೆ ಸರಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ನಾನು ತಿಂದೆ. ತಿಂದೆನಲ್ಲ ಅಂತ ಇವತ್ತಿಗೂ ಸಿಟ್ಟಿದೆ. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ಆ ದಿನದಿಂದ ತಲೆಯಲ್ಲಿ ಕೂತಿರುವ ಪ್ರಶ್ನೆ ಇದು. ಒಂದೇ ಸಾಲು, ಒಂದೇ ಊಟ, ಇಬ್ಬರು ಹೆಂಗಸರು. ಒಬ್ಬಳ "ಬೇಡ"ಕ್ಕೆ ಹಾಲಿನ ಬಟ್ಟಲು, ಇನ್ನೊಬ್ಬಳ "ಬೇಡ"ಕ್ಕೆ ವಾದ. ಯಾಕೆ?

ಬೇಡ ಅನ್ನುವವರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದು ನಮ್ಮ ಜನಕ್ಕೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳು ಕ್ರಮವಾಗಿ ತರಕಾರಿ, ಮೊಸರು, ಹಾಲು, ಬೇಳೆ ಬಿಡುವ ಮನೆಗಳಿವೆ. ಆ ಮನೆಗಳ ಅಡುಗೆಯವರು ಬೇಳೆಯಿಲ್ಲದ ಸಾರು ಮಾಡಿ ಬಡಿಸುತ್ತಾರೆ. ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರಿಗೆ ರಾತ್ರಿ ಊಟಕ್ಕೆ ಯಾರೂ ಬಲವಂತ ಮಾಡುವುದಿಲ್ಲ. ಇಲ್ಲಿ ಪುಣೆ, ಮುಂಬಯಿಯಲ್ಲಂತೂ ಪಾವ್‌ಭಾಜಿಯ ಗಾಡಿಯವನೂ "ಜೈನ್ ಕಾ?" ಎಂದು ಕೇಳಿ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ ಭಾಜಿ ಮಾಡಿಕೊಡುತ್ತಾನೆ. ರಂಜಾನ್ ಉಪವಾಸದ ಸಹೋದ್ಯೋಗಿಯ ಎದುರು ಚಹಾದ ಕಪ್ ಹಿಡಿದುಕೊಳ್ಳಲು ನಮ್ಮ ಆಫೀಸಿನಲ್ಲಿ ಎಷ್ಟೋ ಜನ ಹಿಂಜರಿಯುತ್ತಾರೆ. ದೇವರ ಹೆಸರಿನಲ್ಲಿ ಯಾರಾದರೂ ಬಾಯಿ ಕಟ್ಟಿದರೆ ನಾವು ಗೌರವ ಕೊಡುತ್ತೇವೆ. ಅದು ನಮ್ಮ ಒಳ್ಳೆಯ ಗುಣ.

ಆದರೆ ಅದೇ ಬಾಯಿಯನ್ನು ದೇಹದ ಸಲುವಾಗಿ ಕಟ್ಟಿದರೆ? ಆಗ ಅದು "ಡಯಟ್ ಹುಚ್ಚು", "ಫ್ಯಾಶನ್", "ಈ ವಯಸ್ಸಿನಲ್ಲಿ ಯಾರಿಗೆ ತೋರಿಸೋದಕ್ಕೆ?" ನನಗೆ ಗೊತ್ತಿರುವ ಇಬ್ಬರು ಮೂವರು ಈಗ ಮದುವೆಗಳಲ್ಲಿ "ಇವತ್ತು ನನಗೆ ಒಪ್ಪತ್ತು" ಎಂದು ಸುಳ್ಳು ಹೇಳುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಊಟದ ಎಲೆಯಿಂದ ತಪ್ಪಿಸಿಕೊಳ್ಳಲು ದೇವರನ್ನು ಸುಳ್ಳುಸಾಕ್ಷಿಗೆ ಎಳೆಯಬೇಕಾಗಿದೆ. ನಾಚಿಕೆ ಅವರಿಗಲ್ಲ, ನಮಗಾಗಬೇಕು.

ನನಗೆ 47 ವರ್ಷ. ಎರಡು ವರ್ಷದ ಹಿಂದೆ ನನ್ನ ಎಚ್‌ಬಿಎ1ಸಿ 6.2 ಬಂತು. ಸುಮಾರು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಹೊಸ್ತಿಲಲ್ಲಿ ನಿಂತವಳು ನಾನೊಬ್ಬಳೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹ ಇರುವವರು 10 ಕೋಟಿಗೂ ಹೆಚ್ಚು, ಹೊಸ್ತಿಲಲ್ಲಿರುವವರು 13 ಕೋಟಿಗೂ ಹೆಚ್ಚು. ಅಂದರೆ ನೀವು ಬಡಿಸುವ ಯಾವ ಪಂಕ್ತಿಯಲ್ಲೂ ನನ್ನಂಥವರು ಇದ್ದೇ ಇರುತ್ತಾರೆ.

ಈ ಹೊಸ್ತಿಲಿನಿಂದ ಹಿಂದೆ ಬರಬಹುದು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥದೇ ಸ್ಥಿತಿಯಲ್ಲಿದ್ದ 531 ಜನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷ ಮುಗಿಯುವಷ್ಟರಲ್ಲಿ, ಸಾಮಾನ್ಯ ಸಲಹೆ ಮಾತ್ರ ಸಿಕ್ಕವರಲ್ಲಿ 100ಕ್ಕೆ 55 ಜನರಿಗೆ ಮಧುಮೇಹ ಬಂದಿತ್ತು. ದಿನಕ್ಕೆ ಅರ್ಧ ಗಂಟೆ ಚುರುಕು ನಡಿಗೆ, ಊಟದಲ್ಲಿ ಹಿಡಿತ ಎಂದು ಬದುಕು ಬದಲಿಸಿಕೊಂಡವರಲ್ಲಿ 39 ಜನರಿಗೆ. ಆ ವ್ಯತ್ಯಾಸ ಬಂದದ್ದು ದುಬಾರಿ ಜಿಮ್ಮಿನಿಂದಲ್ಲ. ನಡಿಗೆಯಿಂದ, ಮತ್ತು "ಬೇಡ" ಅನ್ನುವುದರಿಂದ.

"ಒಂದು ತಿಂದರೆ ಏನಾಗುತ್ತದೆ?" ನಿಜ, ಒಂದರಿಂದ ಏನೂ ಆಗುವುದಿಲ್ಲ. ಆದರೆ ಆ ಒಂದು ಒಂದಾಗಿ ಬರುವುದಿಲ್ಲ. ಕಳೆದ ವರ್ಷ ನಾಗರಪಂಚಮಿಯಿಂದ ದೀಪಾವಳಿಯವರೆಗೆ ನಾನು ಡೈರಿಯಲ್ಲಿ ಗೀಟು ಹಾಕಿದೆ. ಪಂಚಮಿಯ ಉಂಡಿ, ಗಣಪತಿಯ ಮೋದಕ, ಆಫೀಸಿನ ಹುಟ್ಟುಹಬ್ಬದ ಕೇಕು, ಪಕ್ಕದ ಫ್ಲಾಟಿನ ಕರಂಜಿ, ಧಾರವಾಡದಿಂದ ಬಂದ ಪೇಡೆ. "ಒಂದೇ ಒಂದು" ಅಂತ ಕೇಳಿಸಿಕೊಂಡದ್ದು 31 ಸಲ. ಕೊಡುವ ಪ್ರತಿಯೊಬ್ಬರಿಗೂ ಅದು ಒಂದು, ನನಗೆ ಮೂವತ್ತೊಂದು. ಮತ್ತೆ, ಬೆಲ್ಲವೂ ಬಹುಪಾಲು ಸಕ್ಕರೆಯೇ. ಬಣ್ಣ ನೋಡಿ ರಕ್ತ ಮೋಸಹೋಗುವುದಿಲ್ಲ.

ಮನೆಯ ಒಳಗಿನ ಮಾತನ್ನೂ ಆಡಿಬಿಡುತ್ತೇನೆ. ಐದು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಬಿಪಿ ಇದೆ ಎಂದು ಗೊತ್ತಾದ ದಿನವೇ ಇಡೀ ಮನೆಯ ಉಪ್ಪು ಕಡಿಮೆಯಾಯಿತು. ಉಪ್ಪಿನಕಾಯಿ ಭರಣಿ ಮೇಲಿನ ಕಪಾಟಿಗೆ ಹೋಯಿತು, ಹಪ್ಪಳ ಕರಿಯುವುದು ನಿಂತಿತು. ಯಾರೂ ಗೊಣಗಲಿಲ್ಲ, ನಾನೂ. ನನ್ನ ಸರದಿ ಬಂದಾಗ? ನನ್ನ ಜೋಳದ ರೊಟ್ಟಿ, ನನ್ನ ಪಲ್ಯ ನಾನೇ ಬೇರೆ ಮಾಡಿಕೊಳ್ಳಬೇಕು, ಅದೂ ಎಲ್ಲರ ಡಬ್ಬಿ ಕಟ್ಟಿದ ಮೇಲೆ. ಬೆಳಿಗ್ಗೆ ಐದೂವರೆಗೆ ಬೂಟು ಹಾಕಿಕೊಂಡು ಪರ್ವತಿ ಗುಡ್ಡ ಹತ್ತಲು ಹೊರಟರೆ, "ಅದಕ್ಕ ಪುರುಸೊತ್ತು ಇರ್ತದ, ಡಬ್ಬಿ ಮಾತ್ರ ತಡ" ಎಂಬ ಮಾತು ಬೆನ್ನಿಗೆ ಬೀಳುತ್ತದೆ. ಗಂಡಸಿನ ಕಾಯಿಲೆ ಮನೆಯ ಕಾಯಿಲೆ, ಹೆಂಗಸಿನ ಕಾಯಿಲೆ ಅವಳ ಹಟ. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂದು ನನಗನ್ನಿಸುವುದಿಲ್ಲ. ಓದುತ್ತಿರುವ ಗಂಡಸರು ನಿಮ್ಮ ಅಡುಗೆಮನೆಯನ್ನು ಒಮ್ಮೆ ನೆನಪಿಸಿಕೊಳ್ಳಿ.

"ಉಪಚಾರ ಮಾಡಿ ಬಡಿಸುವುದು ನಮ್ಮ ಸಂಸ್ಕೃತಿ" ಎನ್ನುವವರಿದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಊರು ಬಿಟ್ಟು ಬಂದವರಿಗೆ ಊಟವೇ ಊರು. ಮಕ್ಕಳು ಮನೆಯಲ್ಲೂ ಮರಾಠಿ, ಹಿಂದಿ ಮಾತಾಡುವ ಈ ಕಾಲದಲ್ಲಿ ಕನ್ನಡ ಉಳಿದಿರುವುದು ಹಬ್ಬದ ಎಲೆಯ ಮೇಲೆ ಅಂತ ಎಷ್ಟೋ ಸಲ ನನಗೇ ಅನ್ನಿಸಿದೆ. ಹೋಳಿಗೆ ಒಲ್ಲೆ ಅಂದರೆ ಊರನ್ನೇ ಒಲ್ಲೆ ಅಂದ ಹಾಗೆ ಬಡಿಸುವವರಿಗೆ ನೋವಾಗುತ್ತದೆ. ಒಂದು ಕಾಲಕ್ಕೆ ಹೊಟ್ಟೆತುಂಬ ತಿನ್ನಲು ಸಿಗುತ್ತಿದ್ದದ್ದೇ ಹಬ್ಬಕ್ಕೆ. ಸಂಕೋಚದಿಂದ ಬೇಡ ಎನ್ನುವ ನೆಂಟನಿಗೆ ಎರಡು ಸಲ ಕೇಳುವುದು ಆಗ ದೊಡ್ಡತನವೇ ಆಗಿತ್ತು. ಈಗ ಬೇಡ ಎನ್ನುವವರಲ್ಲಿ ಸಂಕೋಚದವರು ಕಡಿಮೆ, ಮಾತ್ರೆ ನುಂಗುವವರು ಹೆಚ್ಚು. ಕಾರಣ ಹೋದ ಮೇಲೂ ಉಳಿದ ಉಪಚಾರ ಬರೀ ಬಲವಂತ.

ಇದನ್ನು ನಾನು ಮೇಲೆ ಕೂತು ಹೇಳುತ್ತಿಲ್ಲ. 2011ರಲ್ಲಿ ನಾವು ಈ ಫ್ಲಾಟಿಗೆ ಬಂದಾಗ ಗೃಹಪ್ರವೇಶಕ್ಕೆ ಹುಬ್ಬಳ್ಳಿಯಿಂದ ಅಪ್ಪ ಬಂದಿದ್ದರು. ಅವರಿಗೆ ಆಗಲೇ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಬಲಗಾಲಿನ ಎರಡು ಬೆರಳು ತೆಗೆಸಿಯಾಗಿತ್ತು. ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದರು. ಆ ಕೈ ಸರಿಸಿದವಳು ನಾನು. "ಅಪ್ಪಾ, ಮಗಳ ಮನೀದು, ಇದೊಂದ ದಿನ" ಅಂದೆ. ನಕ್ಕು ಎರಡು ತಿಂದರು. ನಾಲ್ಕು ವರ್ಷದ ಮೇಲೆ ಕಿಡ್ನಿ ಸೋತು ಹೋದರು. ಆ ಎರಡು ಹೋಳಿಗೆಯಿಂದ ಹೋದರು ಅಂತ ನಾನು ಹೇಳುವುದಿಲ್ಲ. ಆದರೆ ಹದಿನೈದು ವರ್ಷ ಅವರ ಕೈ ಸರಿಸಿದವರ ಸಾಲಿನಲ್ಲಿ ನಾನೂ ನಿಂತಿದ್ದೆ, ಪ್ರೀತಿಯಿಂದಲೇ ನಿಂತಿದ್ದೆ. ಆದ್ದರಿಂದ "ಪ್ರೀತಿಗೆ ಹೇಳಿದ್ದು" ಅನ್ನುವ ಸಮಜಾಯಿಷಿ ನನ್ನ ಹತ್ತಿರ ನಡೆಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಬೇಡ ಅನ್ನುವವರಿಗೆ ಮೊದಲು. ಕಾರಣ ಹೇಳಬೇಡಿ. ಕಾರಣ ಹೇಳಿದಿರೋ, ವಾದಕ್ಕೆ ಬಾಗಿಲು ತೆಗೆದಂತೆ. ಕಾಕು ದಧಿವ್ರತದ ಮಹಾತ್ಮೆ ವಿವರಿಸಲಿಲ್ಲ, ಎರಡೇ ಮಾತಿನಲ್ಲಿ ಮುಗಿಸಿದರು. "ಬಹಳ ಚಂದ ಆಗ್ಯಾವ ಅಂತ ವಾಸನೀನ ಹೇಳ್ತದ, ನನಗ ಬ್ಯಾಡ" ಅಂದರೆ ಸಾಕು, ಎರಡನೇ ಸಲವೂ ಅದನ್ನೇ, ಅದೇ ದನಿಯಲ್ಲಿ. ಮನೆಯವರ ಹತ್ತಿರ "ನನಗೆ ಸಪೋರ್ಟ್ ಬೇಕು" ಎಂದು ಕೇಳಬೇಡಿ, ಅದು ಯಾರಿಗೂ ಅರ್ಥವಾಗುವುದಿಲ್ಲ. "ಸೋಮವಾರ, ಬುಧವಾರ, ಶುಕ್ರವಾರ ಡಬ್ಬಿ ನೀವು ಕಟ್ಟಿ" ಎಂದು ಕೇಳಿ. ನಾನು ಹಾಗೆ ಕೇಳಿದ ಮೇಲೆ, ಒಂದು ವಾರ ಮುಖ ಊದಿಸಿಕೊಂಡಿದ್ದರೂ, ನಮ್ಮ ಯಜಮಾನರು ಈಗ ಕಟ್ಟುತ್ತಾರೆ. ಇನ್ನೊಂದು: ನಾಲ್ಕು ಕಿಲೋ ಇಳಿಸಿದ ಉತ್ಸಾಹದಲ್ಲಿ ಪಕ್ಕದವರ ಎಲೆಯತ್ತ ನೋಡಿ "ಇಷ್ಟು ಅನ್ನ ಯಾಕೆ?" ಎನ್ನಬೇಡಿ. ನಮ್ಮ ಎಲೆಗೆ ಕೇಳುವ ಮರ್ಯಾದೆಯನ್ನು ಅವರ ಎಲೆಗೂ ಕೊಡಬೇಕು.

ಬಡಿಸುವವರಿಗೆ ಒಂದೇ ಮಾತು. ಒಮ್ಮೆ ಕೇಳಿ. ಬೇಡ ಅಂದರೆ ಮುಂದಿನ ಎಲೆಗೆ ಹೋಗಿ. ಸೊರಗಿದ್ದೀರಿ, ದಪ್ಪಗಾಗಿದ್ದೀರಿ ಎನ್ನುವ ಮಾತನ್ನು "ಹೇಗಿದ್ದೀರಿ?"ಗೆ ಬದಲಿಸಿ. ಕನ್ನಡ ಸಂಘಗಳನ್ನು ನಡೆಸುವವರಿಗೂ ಒಂದು ವಿನಂತಿ: ರಾಜ್ಯೋತ್ಸವದ ದಿನ ಸಕ್ಕರೆ ಹಾಕದ ಚಹಾದ ಒಂದು ಥರ್ಮಾಸ್ ಇಡಿ, ಕೋಸಂಬರಿಯನ್ನು ಚಮಚದಲ್ಲಲ್ಲ, ಸೌಟಿನಲ್ಲಿ ಬಡಿಸಿ. ಇದರಿಂದ ಕನ್ನಡಕ್ಕೆ ಏನೂ ಕೊರತೆಯಾಗುವುದಿಲ್ಲ. ನಾಳೆಯ ರಾಜ್ಯೋತ್ಸವಕ್ಕೆ ಬರುವ ಜನರ ಕಾಲು ಗಟ್ಟಿಯಾಗಿರಬೇಕಲ್ಲ?

ನನ್ನ ಕಳೆದ ತಿಂಗಳ ರಿಪೋರ್ಟಿನಲ್ಲಿ 5.9 ಬಂದಿದೆ. ಇನ್ನೂ ಹೊಸ್ತಿಲ ಮೇಲೇ ಇದ್ದೇನೆ. ಈ ಶ್ರಾವಣದಲ್ಲಿ ಪೂಜೆ ನಮ್ಮ ಮನೆಯಲ್ಲಿ. ಹೋಳಿಗೆ ಇರುತ್ತದೆ, ಬಡಿಸುವವಳೂ ನಾನೇ. ಒಮ್ಮೆ ಕೇಳುತ್ತೇನೆ.